ಅಡುಗೆಯಲ್ಲಿ ಅಡಗಿದ ಅರಿವು

ಪ್ರತಿದಿನವೂ ಮಾಡುವ ಕೆಲಸದ ವಿಷಯದಲ್ಲಿ ನಾವು ಯೋಚಿಸುವುದು ಕಡಿಮೆ. ಊಟವೂ ಅಂತಹ ಒಂದು ಕೆಲಸ. ಹಸಿದಾಗ ಎಲೆಯ ಮುಂದೆ ಕುಳಿತುಕೊಳ್ಳುತ್ತೇವೆ. ಅನ್ನವನ್ನೋ ಮುದ್ದೆಯನ್ನೋ ರೊಟ್ಟಿಯನ್ನೋ ಉಂಡು ಏಳುತ್ತೇವೆ. ಹಿಟ್ಟನ್ನು ರಾತ್ರಿಯೆಲ್ಲ ಹುಳಿ ಬರಲು ಏಕೆ ಬಿಟ್ಟರು, ಭತ್ತವನ್ನು ಕುಟ್ಟುವ ಮೊದಲೇ ಏಕೆ ಬೇಯಿಸಿದರು, ಕೂಸಿನ ಸರಿಹಿಟ್ಟಿಗೆ ರಾಗಿಯನ್ನು ಏಕೆ ಮೊಳಕೆ ಕಟ್ಟಿದರು ಎಂದು ಕೇಳುವವರು ವಿರಳ. ಕೇಳಿದರೂ, “ಹಿಂದಿನಿಂದ ಹೀಗೆಯೇ ಮಾಡಿಕೊಂಡು ಬಂದಿದ್ದೇವೆ” ಎಂಬುದಕ್ಕಿಂತ ಹೆಚ್ಚಿನ ಉತ್ತರ ದೊರೆಯುವುದಿಲ್ಲ.

ಲೋಕದ ನಾನಾ ಜನಾಂಗಗಳ ನಿತ್ಯದ ಆಹಾರವನ್ನು ಗಮನಿಸಿದರೆ ಆಶ್ಚರ್ಯವಾಗುತ್ತದೆ. ಒಂದೆಡೆ ಗೋಧಿಯ ರೊಟ್ಟಿ, ಮತ್ತೊಂದೆಡೆ ಅಕ್ಕಿಯ ಅನ್ನ. ಒಂದು ನಾಡಿನಲ್ಲಿ ಮೆಕ್ಕೆಜೋಳ, ಇನ್ನೊಂದರಲ್ಲಿ ಗೆಡ್ಡೆ ಗೆಣಸು. ಒಬ್ಬರಿಗೆ ಪ್ರಾಣಪ್ರಿಯವಾದದ್ದು ಮತ್ತೊಬ್ಬರಿಗೆ ವಿಚಿತ್ರವಾಗಿ ತೋರುತ್ತದೆ. ಆದರೆ ಈ ಭೇದಗಳ ಕೆಳಗೆ ಒಂದು ಸಮಾನವಾದ ಅಂಶ ಇದೆ. ತಮಗೆ ದೊರೆತ ಧಾನ್ಯವನ್ನೋ ಗೆಡ್ಡೆಯನ್ನೋ ದೇಹಕ್ಕೆ ಒಗ್ಗುವಂತೆ ಮಾಡಲು ಪ್ರತಿಯೊಂದು ಜನಾಂಗವೂ ನೂರಾರು ತಲೆಮಾರುಗಳ ಅನುಭವದಿಂದ ಒಂದು ಕ್ರಮವನ್ನು ಕಂಡುಕೊಂಡಿದೆ. ಆ ಕ್ರಮ ರುಚಿಗಾಗಿ ಮಾತ್ರ ಏರ್ಪಟ್ಟದ್ದಲ್ಲ, ಬದುಕುವುದಕ್ಕಾಗಿ ಏರ್ಪಟ್ಟದ್ದು. ಧಾನ್ಯವು ಒಂದು ನಾಡಿನಿಂದ ಇನ್ನೊಂದು ನಾಡಿಗೆ ಹೋಗಿ, ಅದನ್ನು ಅಡುಗೆ ಮಾಡುವ ಅರಿವು ಮಾತ್ರ ಹಿಂದೆ ಉಳಿದಾಗ ಏನಾಯಿತೆಂಬುದನ್ನು ಚರಿತ್ರೆ ತಿಳಿಸುತ್ತದೆ.

ಮೊದಲು ಮೆಕ್ಕೆಜೋಳದ ಕಥೆಯನ್ನು ನೋಡೋಣ. ನಮ್ಮ ನಾಡಿನಲ್ಲಿ ಮುಸುಕಿನ ಜೋಳ, ಗೋವಿನ ಜೋಳ ಎಂದೂ ಕರೆಯಲ್ಪಡುವ ಈ ಧಾನ್ಯದ ತವರು ಮೆಕ್ಸಿಕೋ ದೇಶ. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಅಲ್ಲಿಯ ಜನರು ಒಂದು ಕಾಡು ಹುಲ್ಲನ್ನು ಪಳಗಿಸಿ ಇದನ್ನು ಬೆಳೆಯಾಗಿ ಮಾಡಿಕೊಂಡರು. ಆದರೆ ಅವರು ಮೆಕ್ಕೆಜೋಳವನ್ನು ಹಾಗೆಯೇ ಬೀಸಿ ಹಿಟ್ಟು ಮಾಡುವುದಿಲ್ಲ. ಕಾಳನ್ನು ಸುಣ್ಣ ಬೆರೆಸಿದ ನೀರಿನಲ್ಲಿ ಕುದಿಸಿ, ಅದೇ ನೀರಿನಲ್ಲಿ ರಾತ್ರಿಯೆಲ್ಲ ನೆನೆಯಲು ಬಿಡುತ್ತಾರೆ. ಬೆಳಗಾಗುವ ಹೊತ್ತಿಗೆ ಮೇಲಿನ ಗಡಸು ಸಿಪ್ಪೆ ಸಡಿಲಗೊಂಡಿರುತ್ತದೆ. ಕಾಳನ್ನು ಚೆನ್ನಾಗಿ ತೊಳೆದು, ಅರೆಯುವ ಕಲ್ಲಿನ ಮೇಲೆ ನುಣ್ಣಗೆ ಅರೆದು, ಉಂಡೆ ಮಾಡಿ ತಟ್ಟಿ, ಹೆಂಚಿನ ಮೇಲೆ ಸುಡುತ್ತಾರೆ. ಇದೇ ಟೋರ್ಟಿಯಾ ಎಂಬ ತೆಳುವಾದ ರೊಟ್ಟಿ. ಸುಣ್ಣದಲ್ಲಿ ಬೇಯಿಸಿದ ಕಾಳಿಗೆ ‘ನಿಷ್ಟಮಾಲ್’ ಎಂದು ಹೆಸರು. ಅಲ್ಲಿಯ ಪ್ರಾಚೀನ ಭಾಷೆಯಲ್ಲಿ ಬೂದಿ ಎಂಬರ್ಥದ ಪದವೂ ಹಿಟ್ಟಿನ ಮುದ್ದೆ ಎಂಬರ್ಥದ ಪದವೂ ಕೂಡಿ ಈ ಹೆಸರಾಗಿದೆ. ತಾಂಬೂಲದ ಎಲೆಗೆ ಸುಣ್ಣ ಸವರುವ ನಮಗೆ ಈ ಪದ್ಧತಿ ಅಷ್ಟೇನೂ ಅಪರಿಚಿತವೆನಿಸಬೇಕಾಗಿಲ್ಲ.

ಮೆಕ್ಸಿಕೋದ ಹಬ್ಬದ ತಿನಿಸೂ ಈ ಹಿಟ್ಟಿನಿಂದಲೇ ಆಗುತ್ತದೆ. ಹಿಟ್ಟಿಗೆ ಕೊಬ್ಬು ಸೇರಿಸಿ ನಾದಿ, ಒಳಗೆ ಮಾಂಸವನ್ನೋ ಸಿಹಿಯನ್ನೋ ತುಂಬಿ, ಮೆಕ್ಕೆಜೋಳದ ತೆನೆಯ ಸಿಪ್ಪೆಯಲ್ಲಿ ಅಥವಾ ಬಾಳೆಯ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ತಮಾಲೆ ಸಿದ್ಧವಾಗುತ್ತದೆ. ಅರಿಸಿನದ ಎಲೆಯಲ್ಲಿ, ಹಲಸಿನ ಎಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸುವ ನಮ್ಮ ಕರಾವಳಿಯವರು ಇದನ್ನು ಕಂಡರೆ ತಮ್ಮ ಮನೆಯದೇ ತಿನಿಸು ಎಂದುಕೊಂಡಾರು. ಜನವರಿ 6ರ ಹಬ್ಬದ ದಿನ ಬಳೆಯ ಆಕಾರದ ಸಿಹಿರೊಟ್ಟಿಯೊಂದನ್ನು ಅಲ್ಲಿ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಅದರೊಳಗೆ ಒಂದು ಪುಟ್ಟ ಬೊಂಬೆಯನ್ನು ಹುದುಗಿಸಿರುತ್ತಾರೆ. ಯಾರ ಪಾಲಿಗೆ ಬೊಂಬೆ ಬರುವುದೋ ಅವರು ಫೆಬ್ರವರಿ 2ರಂದು ಉಳಿದವರಿಗೆಲ್ಲ ತಮಾಲೆಯ ಊಟ ಹಾಕಬೇಕು ಎಂಬುದು ರೂಢಿ.

1492ರಲ್ಲಿ ಕೊಲಂಬಸನು ಅಮೆರಿಕವನ್ನು ತಲುಪಿದ ಮೇಲೆ ಮೆಕ್ಕೆಜೋಳವು ಯೂರೋಪಿಗೆ ಬಂದಿತು. ಒಳ್ಳೆಯ ಇಳುವರಿ ಕೊಡುವ ಈ ಬೆಳೆ ಬಡ ರೈತರಿಗೆ ವರವೆಂದೇ ತೋರಿತು. ಸ್ಪೇನ್, ಇಟಲಿ ಮೊದಲಾದ ದೇಶಗಳಲ್ಲಿ ಅದು ಬೇಗನೆ ಹಬ್ಬಿತು. ಆದರೆ ಹಡಗಿನಲ್ಲಿ ಬಂದದ್ದು ಕಾಳು ಮಾತ್ರ. ಸುಣ್ಣದಲ್ಲಿ ಬೇಯಿಸುವ ಕ್ರಮ ಅದರೊಡನೆ ಬರಲಿಲ್ಲ. ಯೂರೋಪಿನವರು ತಾವು ಗೋಧಿಯನ್ನು ಬೀಸುವಂತೆಯೇ ಮೆಕ್ಕೆಜೋಳವನ್ನೂ ಬೀಸಿ, ಅಂಬಲಿ ಕಾಯಿಸಿ ಕುಡಿದರು. ಕೆಲವು ತಲೆಮಾರುಗಳು ಕಳೆಯುವಷ್ಟರಲ್ಲಿ ಹಿಂದೆ ಕಂಡರಿಯದ ಒಂದು ರೋಗ ತಲೆದೋರಿತು. ಬಿಸಿಲು ತಗಲುವ ಕೈ, ಕಾಲು, ಕುತ್ತಿಗೆಗಳ ಚರ್ಮ ಕೆಂಪಾಗಿ ಒರಟಾಗುತ್ತಿತ್ತು, ಅತಿಸಾರ ಹಿಡಿಯುತ್ತಿತ್ತು, ಬುದ್ಧಿ ಭ್ರಮಿಸುತ್ತಿತ್ತು, ಕೊನೆಗೆ ಮರಣ ಬರುತ್ತಿತ್ತು. 1735ರಲ್ಲಿ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಈ ರೋಗವನ್ನು ಮೊದಲು ಗುರುತಿಸಿದರು. 1771ರಲ್ಲಿ ಇಟಲಿಯ ವೈದ್ಯರೊಬ್ಬರು ‘ಒರಟು ಚರ್ಮ’ ಎಂಬರ್ಥದಲ್ಲಿ ಇದನ್ನು ‘ಪೆಲಾಗ್ರ’ ಎಂದು ಕರೆದರು. ಮೆಕ್ಕೆಜೋಳವನ್ನು ಸಾವಿರಾರು ವರ್ಷ ಉಂಡ ಮೆಕ್ಸಿಕೋದ ಜನರಲ್ಲಿ ವ್ಯಾಪಕವಾಗಿ ಕಾಣದ ರೋಗ ಯೂರೋಪಿನ ಬಡವರನ್ನು ಏಕೆ ಕಾಡಿತೆಂಬುದು ಯಾರಿಗೂ ಅರ್ಥವಾಗಲಿಲ್ಲ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಇದೇ ರೋಗವು ಅಮೆರಿಕದ ಸಂಯುಕ್ತ ಸಂಸ್ಥಾನಗಳ ದಕ್ಷಿಣ ಭಾಗದಲ್ಲಿ ಕಾಣಿಸಿಕೊಂಡಿತು. 1906ರಿಂದ 1940ರವರೆಗೆ ಸುಮಾರು 30 ಲಕ್ಷ ಜನ ರೋಗಪೀಡಿತರಾಗಿ, ಒಂದು ಲಕ್ಷದಷ್ಟು ಜನ ಸತ್ತರೆಂದು ಅಂದಾಜು. ಹತ್ತಿಯ ಹೊಲಗಳಲ್ಲಿಯೂ ಗಿರಣಿಗಳಲ್ಲಿಯೂ ದುಡಿಯುವ ಬಡವರೇ ಇದಕ್ಕೆ ಹೆಚ್ಚಾಗಿ ಬಲಿಯಾದರು. ಇದು ಸೋಂಕಿನಿಂದ ಹರಡುವ ರೋಗವೆಂದು ಬಹುಮಂದಿ ವೈದ್ಯರು ನಂಬಿದ್ದರು. 1914ರಲ್ಲಿ ಸರ್ಕಾರವು ಈ ವಿಷಯದ ಪರಿಶೋಧನೆಗೆ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರನ್ನು ನೇಮಿಸಿತು. ಅವರು ಅನಾಥಾಲಯಗಳನ್ನೂ ಮಾನಸಿಕ ರೋಗಿಗಳ ಆಸ್ಪತ್ರೆಗಳನ್ನೂ ಸುತ್ತಿ ನೋಡಿದಾಗ ಒಂದು ಸಂಗತಿ ಅವರ ಕಣ್ಣಿಗೆ ಬಿದ್ದಿತು. ಅಲ್ಲಿದ್ದ ರೋಗಿಗಳಿಗೂ ಮಕ್ಕಳಿಗೂ ಪೆಲಾಗ್ರ ಬರುತ್ತಿತ್ತು; ಅವರೊಡನೆ ಹಗಲಿರುಳು ಇರುವ ದಾದಿಯರಿಗೂ ನೌಕರರಿಗೂ ಬರುತ್ತಿರಲಿಲ್ಲ. ಸೋಂಕು ಹೀಗೆ ಆರಿಸಿ ಹಿಡಿಯುವುದುಂಟೆ? ಇಬ್ಬರಿಗೂ ಇದ್ದ ವ್ಯತ್ಯಾಸ ಊಟದ್ದು ಎಂದು ಅವರು ಊಹಿಸಿದರು. ಎರಡು ಅನಾಥಾಲಯಗಳಲ್ಲಿ ಮಕ್ಕಳ ಊಟಕ್ಕೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಸೇರಿಸಿದರು. ರೋಗವು ಹೇಳಹೆಸರಿಲ್ಲದಂತಾಯಿತು.

ಆದರೂ ಹಲವರು ಒಪ್ಪಲಿಲ್ಲ. 1916ರಲ್ಲಿ ಗೋಲ್ಡ್‌ಬರ್ಗರ್ ಅವರು ರೋಗಿಗಳ ರಕ್ತವನ್ನು ತಮ್ಮ ದೇಹಕ್ಕೆ ಚುಚ್ಚಿಸಿಕೊಂಡರು. ರೋಗಿಗಳ ಚರ್ಮದ ಹೊಪ್ಪಳೆಯನ್ನು ಹಿಟ್ಟಿನ ಗುಳಿಗೆಯಲ್ಲಿಟ್ಟು ನುಂಗಿದರು. ಅವರ ಸಹೋದ್ಯೋಗಿಗಳೂ ಈ ಪರೀಕ್ಷೆಗೆ ಒಡ್ಡಿಕೊಂಡರು. ಅವರ ಪತ್ನಿಯೂ ರೋಗಿಯ ರಕ್ತವನ್ನು ಚುಚ್ಚಿಸಿಕೊಂಡರು. ಯಾರಿಗೂ ಪೆಲಾಗ್ರ ಬರಲಿಲ್ಲ. ರೋಗದ ಮೂಲ ಬಡತನದಲ್ಲಿದೆ, ಮೆಕ್ಕೆಜೋಳದ ಹಿಟ್ಟು, ಬೆಲ್ಲದ ಪಾಕ, ಹಂದಿಯ ಕೊಬ್ಬು ಇವಿಷ್ಟನ್ನೇ ತಿಂದು ಬದುಕುವವರಿಗೆ ಬೇರೆ ಆಹಾರ ದೊರೆಯದೆ ರೋಗ ನೀಗದು ಎಂದು ಅವರು ಸಾರಿದರು. ದೇಹಕ್ಕೆ ಇಲ್ಲದೆ ಹೋದ ಆ ವಸ್ತು ಯಾವುದೆಂದು ತಿಳಿಯುವ ಮೊದಲೇ 1929ರಲ್ಲಿ ಅವರು ತೀರಿಕೊಂಡರು. 1937ರಲ್ಲಿ ಕಾನ್ರಾಡ್ ಎಲ್ವೆಹ್ಯಾಮ್ ಎಂಬ ವಿಜ್ಞಾನಿ ಅದು ನಿಯಾಸಿನ್ ಎಂಬ ಜೀವಸತ್ವವೆಂದು ತೋರಿಸಿದರು.

ಆಗ ಮೆಕ್ಸಿಕೋದ ಸುಣ್ಣದ ಗುಟ್ಟು ಬಯಲಾಯಿತು. ಮೆಕ್ಕೆಜೋಳದಲ್ಲಿ ನಿಯಾಸಿನ್ ಇಲ್ಲದಿಲ್ಲ; ಆದರೆ ಅದು ಬೇರೆ ವಸ್ತುಗಳೊಡನೆ ಬಿಗಿಯಾಗಿ ಬೆಸೆದುಕೊಂಡಿರುವುದರಿಂದ ದೇಹ ಅದನ್ನು ಹೀರಿಕೊಳ್ಳಲಾರದು. ಸುಣ್ಣದ ನೀರು ಆ ಬೆಸುಗೆಯನ್ನು ಬಿಡಿಸುತ್ತದೆ. ಅಷ್ಟೇ ಅಲ್ಲದೆ ಮೂಳೆಗೆ ಬೇಕಾದ ಕ್ಯಾಲ್ಸಿಯಮ್ಮನ್ನೂ ಹಿಟ್ಟಿಗೆ ಸೇರಿಸುತ್ತದೆ. ಟೋರ್ಟಿಯಾದ ಜೊತೆಗೆ ಬೇಯಿಸಿದ ಅವರೆ ಜಾತಿಯ ಕಾಳನ್ನು ಉಣ್ಣುವುದು ಅಲ್ಲಿಯ ರೂಢಿ. ಮೆಕ್ಕೆಜೋಳದಲ್ಲಿ ಕೊರತೆಯಾಗಿರುವ ಸಾರಾಂಶಗಳನ್ನು ಆ ಕಾಳು ತುಂಬಿಕೊಡುತ್ತದೆ. ಮೆಕ್ಸಿಕೋದ ಗೃಹಿಣಿಗೆ ಜೀವಸತ್ವವೆಂಬ ಮಾತೇ ತಿಳಿದಿರಲಿಲ್ಲ. ಆದರೂ ಅವಳ ಅಡುಗೆಯ ಕ್ರಮ ಅವಳ ಮಕ್ಕಳನ್ನು ಕಾಪಾಡಿತ್ತು.

ಎರಡನೆಯ ನಿದರ್ಶನ ನಮಗೆ ಇನ್ನೂ ಹತ್ತಿರದ್ದು. ಅದು ಅಕ್ಕಿಗೆ ಸಂಬಂಧಿಸಿದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಕ್ಕಿಯ ಗಿರಣಿಗಳು ಪೂರ್ವದೇಶಗಳಲ್ಲಿ ಹರಡಿದವು. ಒನಕೆಯಿಂದ ಕುಟ್ಟಿದ ಅಕ್ಕಿಯಲ್ಲಿ ತವುಡಿನ ಅಂಶ ಸ್ವಲ್ಪವಾದರೂ ಉಳಿದಿರುತ್ತದೆ. ಗಿರಣಿಯಾದರೋ ಅದನ್ನು ಪೂರ್ತಿಯಾಗಿ ತೆಗೆದು ಅಕ್ಕಿಯನ್ನು ಮಲ್ಲಿಗೆಯಂತೆ ಬಿಳುಪು ಮಾಡುತ್ತದೆ. ನೋಟಕ್ಕೆ ಚೆಲುವಾದ ಈ ಅಕ್ಕಿಯನ್ನು ಜನ ಮೆಚ್ಚಿ ಕೊಂಡರು. ಅದೊಂದನ್ನೇ ಹೆಚ್ಚಾಗಿ ಉಂಡವರಲ್ಲಿ ಬೆರಿಬೆರಿ ಎಂಬ ರೋಗ ಹೆಚ್ಚಿತು. ಕಾಲುಗಳು ಸೋತು, ಮೈ ಊದಿಕೊಂಡು, ಹೃದಯ ದುರ್ಬಲವಾಗಿ ಸಾವಿರಾರು ಜನ ಸತ್ತರು.

1890ರ ದಶಕದಲ್ಲಿ ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಅವರು ತಮ್ಮ ಪ್ರಯೋಗಾಲಯದ ಕೋಳಿಗಳು ಕಾಲು ಸೋತು ಬೀಳುತ್ತಿದ್ದುದನ್ನು ಕಂಡರು. ಸ್ವಲ್ಪ ಕಾಲದ ಮೇಲೆ ಅವು ತಾವಾಗಿಯೇ ಗುಣಹೊಂದಿದವು. ವಿಚಾರಿಸಿದಾಗ ತಿಳಿದುಬಂದುದು ಇಷ್ಟು: ಕೋಳಿಗಳಿಗೆ ಕೆಲವು ಕಾಲ ಸೈನಿಕರ ಆಸ್ಪತ್ರೆಯಲ್ಲಿ ಉಳಿದ ಬಿಳಿಯ ಅನ್ನವನ್ನು ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೈನಿಕರ ಅನ್ನವನ್ನು ಕೋಳಿಗಳಿಗೆ ಕೊಡಲು ಒಪ್ಪಲಿಲ್ಲ. ಆದುದರಿಂದ ಅವುಗಳಿಗೆ ತವುಡು ತೆಗೆಯದ ಅಕ್ಕಿ ದೊರೆಯಿತು. ಈ ಸಣ್ಣ ಘಟನೆ ದೊಡ್ಡದೊಂದು ಶೋಧನೆಗೆ ದಾರಿಮಾಡಿತು. ತವುಡಿನಲ್ಲಿರುವ ಜೀವಸತ್ವ ಇಲ್ಲವಾದುದೇ ಬೆರಿಬೆರಿಗೆ ಕಾರಣವೆಂಬುದು ಕ್ರಮೇಣ ಸ್ಥಿರಪಟ್ಟಿತು. ಐಕ್‌ಮನ್ ಅವರಿಗೆ 1929ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಇದೇ ಕಾಲದಲ್ಲಿ ಮಲಯ ದೇಶದಲ್ಲಿ ಇನ್ನೊಂದು ಸಂಗತಿ ಬೆಳಕಿಗೆ ಬಂದಿತು. ಅಲ್ಲಿಯ ತವರದ ಗಣಿಗಳಲ್ಲಿ ದುಡಿಯುತ್ತಿದ್ದ ಚೀನೀಯರು ಬಿಳಿಯ ಅಕ್ಕಿಯನ್ನು ಉಂಡು ಬೆರಿಬೆರಿಯಿಂದ ಸಾಯುತ್ತಿದ್ದರು. ಆದರೆ ತೋಟಗಳಲ್ಲಿ ಕೂಲಿಗಾಗಿ ಹೋಗಿದ್ದ ದಕ್ಷಿಣ ಭಾರತದ ತಮಿಳರಿಗೆ ಆ ರೋಗ ಅಪರೂಪವಾಗಿತ್ತು. ಅವರು ಉಣ್ಣುತ್ತಿದ್ದುದು ಕುಚ್ಚಲಕ್ಕಿ. 1905ರಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ಅರ್ಧ ಜನರಿಗೆ ಬಿಳಿಯ ಅಕ್ಕಿಯನ್ನೂ ಉಳಿದ ಅರ್ಧಕ್ಕೆ ಕುಚ್ಚಲಕ್ಕಿಯನ್ನೂ ಕೊಡಿಸಿ ನೋಡಿದರು. ಮೊದಲನೆಯ ಗುಂಪಿನಲ್ಲಿ ಅನೇಕರು ಬೆರಿಬೆರಿಗೆ ತುತ್ತಾಗಿ ಹಲವರು ಸತ್ತರು. ಎರಡನೆಯದರಲ್ಲಿ ಆ ರೋಗದಿಂದ ಯಾರೂ ಸಾಯಲಿಲ್ಲ.

ಭತ್ತವನ್ನು ನೆನೆಸಿ, ಹೊಟ್ಟಿನೊಡನೆಯೇ ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿದರೆ ಕುಚ್ಚಲಕ್ಕಿಯಾಗುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಡೆಯ ಮನೆಗಳಲ್ಲಿ ಇಂದಿಗೂ ಇದರ ಗಂಜಿಯೇ ನಿತ್ಯದ ಆಹಾರ. ಭತ್ತ ಬೇಯುವಾಗ ತವುಡಿನಲ್ಲಿರುವ ಜೀವಸತ್ವವು ನೀರಿನೊಡನೆ ಅಕ್ಕಿಯ ಒಳಕ್ಕೆ ಇಳಿದು ನಿಲ್ಲುತ್ತದೆ. ಆದುದರಿಂದ ಕುಟ್ಟಿದರೂ ಗಿರಣಿಗೆ ಹಾಕಿದರೂ ಅದು ಪೂರ್ತಿಯಾಗಿ ನಷ್ಟವಾಗುವುದಿಲ್ಲ. ಕುಚ್ಚಲಕ್ಕಿಯ ಅನ್ನ ಕೆಂಪಗೆ ದಪ್ಪಗೆ ಇರುತ್ತದೆಂದು ಅದನ್ನು ಬಡವರ ಅನ್ನವೆಂದು ಹಳಿದವರುಂಟು. ಆ ಬಡವರ ಅನ್ನವೇ ಪರದೇಶದಲ್ಲಿ ಅವರ ಪ್ರಾಣವನ್ನು ಉಳಿಸಿತ್ತು.

ಮೂರನೆಯ ನಿದರ್ಶನ ಮರಗೆಣಸು. ನಮ್ಮಲ್ಲಿ ಉಪವಾಸದ ದಿನ ಪಾಯಸಕ್ಕೂ ಬೇಸಗೆಯಲ್ಲಿ ಸಂಡಿಗೆಗೂ ಬಳಸುವ ಸಬ್ಬಕ್ಕಿ ಆಗುವುದು ಈ ಗೆಡ್ಡೆಯ ಹಾಲಿನಿಂದಲೇ. ಇದರ ತವರು ದಕ್ಷಿಣ ಅಮೆರಿಕ. ಇದರ ಕಹಿ ತಳಿಗಳಲ್ಲಿ ವಿಷವಿದೆ. ಗೆಡ್ಡೆ ಜಜ್ಜಿದಾಗ ಸಯನೈಡ್ ಎಂಬ ಘೋರ ವಿಷ ಹೊರಡುತ್ತದೆ. ಅಮೆಜಾನ್ ನದಿಯ ತೀರದ ಮೂಲನಿವಾಸಿಗಳು ಗೆಡ್ಡೆಯನ್ನು ತುರಿದು, ಹೆಣೆದ ಉದ್ದನೆಯ ಚೀಲದಲ್ಲಿ ತುಂಬಿ, ಎಳೆದು ಹಿಂಡಿ ರಸವನ್ನು ತೆಗೆದು, ಉಳಿದ ಹಿಟ್ಟನ್ನು ಹೆಂಚಿನ ಮೇಲೆ ಹುರಿಯುತ್ತಾರೆ. ಹೀಗೆ ವಿಷ ಹೋಗಿ ಆಹಾರ ಉಳಿಯುತ್ತದೆ.

ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಗೆಡ್ಡೆಯನ್ನು ಆಫ್ರಿಕಕ್ಕೆ ಒಯ್ದರು. ಮಳೆ ಬಾರದಿದ್ದರೂ ಬೆಳೆಯುವ ಮರಗೆಣಸು ಅಲ್ಲಿ ಕೋಟ್ಯಂತರ ಜನರ ಆಹಾರವಾಯಿತು. ಗೆಡ್ಡೆಯನ್ನು ಹಲವು ದಿನ ನೀರಿನಲ್ಲಿ ನೆನೆಹಾಕಿ ಅಥವಾ ಬಿಸಿಲಿನಲ್ಲಿ ಒಣಗಿಸಿ ವಿಷವನ್ನು ಕಳೆಯುವುದನ್ನು ಆಫ್ರಿಕದ ಮಹಿಳೆಯರು ಕಲಿತರು. ಆದರೆ ಈ ಕ್ರಮಕ್ಕೆ ಕಾಲ ಬೇಕು, ನೀರು ಬೇಕು. 1981ರಲ್ಲಿ ಮೊಜಾಂಬಿಕ್ ದೇಶದ ನಾಂಪುಲಾ ಪ್ರಾಂತದಲ್ಲಿ ಬರಗಾಲ ಬಂದಾಗ ಹಸಿದ ಜನ ಗೆಡ್ಡೆ ಹದವಾಗುವವರೆಗೆ ಕಾಯಲಾರದೆ ಹೋದರು. ಸಾವಿರಕ್ಕೂ ಹೆಚ್ಚು ಮಂದಿ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡರು. ಅವರಲ್ಲಿ ಬಹುಮಂದಿ ಹೆಂಗಸರು ಮತ್ತು ಮಕ್ಕಳು. ಕಾಂಗೋ ದೇಶದ ಕೆಲವು ಹಳ್ಳಿಗಳಲ್ಲಿ ನಡೆದುದು ಇನ್ನೂ ವಿಚಾರಾರ್ಹವಾದುದು. ರಾಜಧಾನಿಗೆ ಒಳ್ಳೆಯ ರಸ್ತೆಯಾಗಿ, ಗೆಡ್ಡೆಗೆ ಪೇಟೆಯಲ್ಲಿ ಬೇಡಿಕೆ ಹೆಚ್ಚಿತು. ಬೇಗ ಮಾರುವ ಆತುರದಲ್ಲಿ ಅಲ್ಲಿಯವರು ನೆನೆಹಾಕುವ ದಿನಗಳನ್ನು ಕಡಿಮೆಮಾಡಿದರು; ಹಳ್ಳಿಯವರಲ್ಲಿ ಕಾಲು ಸೋಲುವ ರೋಗ ಹೆಚ್ಚಿತು. ಒಂದೆರಡು ದಿನಗಳ ಉಳಿತಾಯಕ್ಕೆ ತೆತ್ತ ಬೆಲೆ ಅದು. ಹಿಟ್ಟನ್ನು ನೀರಿನಲ್ಲಿ ಕಲಸಿ, ತೆಳುವಾಗಿ ಹರಡಿ, ಐದು ಗಂಟೆಗಳ ಕಾಲ ನೆರಳಿನಲ್ಲಿಟ್ಟರೆ ಉಳಿದ ವಿಷದ ಬಹುಭಾಗ ಹಾರಿಹೋಗುತ್ತದೆಂದು ಈಚೆಗೆ ವಿಜ್ಞಾನಿಗಳು ತೋರಿಸಿದ್ದಾರೆ. ಅಲ್ಲಿಯ ಮಹಿಳೆಯರು ಈ ಹೊಸ ಕ್ರಮವನ್ನು ಕಲಿಯುತ್ತಿದ್ದಾರೆ. ಹಳೆಯ ಅರಿವಿಗೆ ಹೊಸ ಅರಿವು ಹೀಗೆ ನೆರವಾಗಬಲ್ಲದು.

ಇನ್ನು ನಮ್ಮ ಮನೆಯ ಅಡುಗೆಯ ಕಡೆಗೆ ತಿರುಗೋಣ. ರಾಗಿಯು ಮೂಲತಃ ಪೂರ್ವ ಆಫ್ರಿಕದ ಎತ್ತರದ ನಾಡುಗಳಿಂದ ಸಾವಿರಾರು ವರ್ಷಗಳ ಹಿಂದೆ ನಮ್ಮ ದೇಶಕ್ಕೆ ಬಂದ ಧಾನ್ಯ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಮ್ ಇದೆ. ಅಕ್ಕಿ, ಗೋಧಿಗಳಲ್ಲಿ ಇಷ್ಟಿಲ್ಲ. ಕೂಸುಗಳಿಗೆ ಉಣಿಸುವ ಸರಿಗಾಗಿ ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದುಂಟು. ಮೊಳಕೆಯಲ್ಲಿ ಪಿಷ್ಟ ಒಡೆದು ಸರಿ ತೆಳುವಾಗುತ್ತದೆ. ಮಗುವಿಗೆ ಸುಲಭವಾಗಿ ಜೀರ್ಣವಾಗುತ್ತದೆ. ರಾಗಿಗೆ ನಂಟಾದ ಟೆಫ್ ಎಂಬ ಸಣ್ಣ ಕಾಳು ಇಥಿಯೋಪಿಯದವರ ಜೀವನಾಧಾರ. ಅವರು ಅದರ ಹಿಟ್ಟನ್ನು ಕಲಸಿ, ಹಿಂದಿನ ಸಲದ ಹುಳಿನೀರನ್ನು ಬೆರೆಸಿ, ಎರಡು ಮೂರು ದಿನ ಹುದುಗು ಬರಲು ಬಿಟ್ಟು, ದೊಡ್ಡ ಹೆಂಚಿನ ಮೇಲೆ ದೋಸೆಯಂತೆ ಹುಯ್ಯುತ್ತಾರೆ. ಇದೇ ಇಂಜೆರಾ. ಮನೆಮಂದಿಯೆಲ್ಲ ಒಂದೇ ತಟ್ಟೆಯ ಸುತ್ತ ಕುಳಿತು ಉಣ್ಣುತ್ತಾರೆ. ಪ್ರೀತಿಯ ಗುರುತಾಗಿ ಒಬ್ಬರು ಇನ್ನೊಬ್ಬರ ಬಾಯಿಗೆ ತುತ್ತಿಡುತ್ತಾರೆ. ನಮ್ಮ ಕೈತುತ್ತನ್ನು ಇದು ನೆನಪಿಗೆ ತರುತ್ತದೆ.

ಹುದುಗಿಸುವ ಕಲೆ ನಮ್ಮಲ್ಲಿಯೂ ಪ್ರಾಚೀನವಾದುದು. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರು ಬರುತ್ತದೆ. ಅಂದಿನ ಇಡ್ಡಲಿಗೆ ಇಂದಿನ ಇಡ್ಲಿಯಂತೆಯೇ ಇತ್ತೆಂದು ಹೇಳಲಾಗದಿದ್ದರೂ ಹೆಸರಿನ ಹಳಮೆ ಗಮನಾರ್ಹವಾದುದು. ಅಕ್ಕಿ ಮತ್ತು ಉದ್ದು ರುಬ್ಬಿ ಇಟ್ಟ ಹಿಟ್ಟಿನಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ಕೆಲಸಮಾಡಿ ಹಿಟ್ಟನ್ನು ಉಬ್ಬಿಸುತ್ತವೆ. ಅದರಲ್ಲಿಯ ಸತ್ವ ದೇಹಕ್ಕೆ ಸುಲಭವಾಗಿ ಸಿಗುವಂತೆ ಮಾಡುತ್ತವೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಜೊತೆಗೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಮೊಸರು ಇರುವುದೂ ನಾಲಗೆಯ ಸುಖಕ್ಕಾಗಿ ಮಾತ್ರವಲ್ಲ. ದಖ್ಖನ್ನಿನಲ್ಲಿ ಬಡತನದಿಂದಾಗಿ ಜೋಳವೊಂದನ್ನೇ ನೆಚ್ಚಿ ಬದುಕಿದವರಲ್ಲಿ ಪೆಲಾಗ್ರ ಕಾಣಿಸಿಕೊಂಡಿದ್ದುದನ್ನು ಹೈದರಾಬಾದಿನ ವಿಜ್ಞಾನಿಗಳು 1960ರ ಸುಮಾರಿಗೆ ಗುರುತಿಸಿದ್ದಾರೆ. ರೊಟ್ಟಿಯ ಪಕ್ಕದ ಶೇಂಗಾದಲ್ಲಿ ನಿಯಾಸಿನ್ ಹೇರಳವಾಗಿದೆ. ಆ ಶೇಂಗಾ ಕೂಡ, ನಮ್ಮ ಮೆಣಸಿನಕಾಯಿ, ಆಲೂಗೆಡ್ಡೆ, ಟೊಮೇಟೊಗಳಂತೆ, ಅಮೆರಿಕದಿಂದ ಬಂದದ್ದು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರು ಇಂತಹ ಬೆಳೆಗಳ ವಿಷಯವಾಗಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ನಮ್ಮದೆಂದು ನಾವು ಹೆಮ್ಮೆಪಡುವ ಊಟದಲ್ಲಿ ಎಷ್ಟೊಂದು ನಾಡುಗಳ ಕೊಡುಗೆ ಸೇರಿದೆ!

ಇದರಿಂದ ಹಳೆಯದೆಲ್ಲವೂ ಸರಿ, ಹೊಸದೆಲ್ಲವೂ ತಪ್ಪು ಎಂದು ತಿಳಿಯಬಾರದು. ಕಾಳನ್ನು ಸುಣ್ಣದಲ್ಲಿ ಕುದಿಸಿದವರಿಗೆ ಅದರ ಕಾರಣ ತಿಳಿದಿರಲಿಲ್ಲ. ಕಾರಣ ತಿಳಿಯದಿದ್ದುದರಿಂದಲೇ ಅದನ್ನು ಇತರರಿಗೆ ಹೇಳಿಕೊಡಲು ಸಾಧ್ಯವಾಗಲಿಲ್ಲ. ಕಾರಣವನ್ನು ತಿಳಿಸಿಕೊಟ್ಟದ್ದು ವಿಜ್ಞಾನ. ಅಡುಗೆಮನೆಯ ಅನುಭವವೂ ಪ್ರಯೋಗಾಲಯದ ಪರೀಕ್ಷೆಯೂ ಒಂದಕ್ಕೊಂದು ಕೈಗೂಡಿಸಿದಾಗ ಮಾನವನಿಗೆ ಹಿತವಾಗುತ್ತದೆ. ಪರರ ಆಹಾರವನ್ನು ಕಂಡು ನಗುವುದು, ನಮ್ಮ ಮನೆಯ ಕ್ರಮವನ್ನು ವಿಚಾರ ಮಾಡದೆ ಬಿಟ್ಟುಬಿಡುವುದು, ಎರಡೂ ಅವಿವೇಕವೇ.

ಇಂದು ಕೆಲಸದ ಒತ್ತಡದಲ್ಲಿ ನೆನೆಸುವ, ಮೊಳಕೆ ಕಟ್ಟುವ, ಹುದುಗಿಸುವ ಕ್ರಮಗಳು ಎಷ್ಟೋ ಮನೆಗಳಿಂದ ಮರೆಯಾಗುತ್ತಿವೆ. ಅವನ್ನು ಬಲ್ಲ ಹಿರಿಯರು ಪುಸ್ತಕ ಬರೆದವರಲ್ಲ. ಅವರೊಡನೆಯೇ ಆ ತಿಳಿವಳಿಕೆಯೂ ಹೋಗಬಹುದು. ಈ ಪಾಠವನ್ನು ಓದಿದ ವಿದ್ಯಾರ್ಥಿಗಳು ಇಂದು ಸಂಜೆ ಮನೆಗೆ ಹೋದಾಗ ತಮ್ಮ ಅಜ್ಜಿಯನ್ನೋ ತಾಯಿಯನ್ನೋ ಒಂದು ಮಾತು ಕೇಳಬೇಕು: “ಇದನ್ನು ಹೀಗೆ ಮಾಡುವುದು ಏಕೆ?” ಉತ್ತರ ದೊರೆತರೆ ಬರೆದಿಟ್ಟುಕೊಳ್ಳಲಿ, ದೊರೆಯದಿದ್ದರೆ ಅದನ್ನು ತಾವೇ ಹುಡುಕಲಿ. ಐಕ್‌ಮನ್ ಅವರ ಶೋಧನೆಯೂ ಆರಂಭವಾದದ್ದು ಕೋಳಿಗಳಿಗೆ ಹಾಕಿದ ಅನ್ನದ ವಿಷಯವಾಗಿ ಕೇಳಿದ ಇಂತಹ ಒಂದು ಪ್ರಶ್ನೆಯಿಂದಲೇ.